ಟ್ರೇಲರ್ ಎಳೆಯುವವರಿಗೆ ಸೇಫ್ಟಿ ಚೈನ್: ಆರಿಸುವುದರಿಂದ ಕಟ್ಟುವವರೆಗೆ

ಸ್ಯಾನ್ ಹೋಸೆಯಿಂದ ಸ್ಯಾಕ್ರಮೆಂಟೊ ಕಡೆಗೆ ಮನೆ ಬದಲಿಸುವಾಗ ನಾವು ಒಂದು ಚಿಕ್ಕ ಟ್ರೇಲರ್ ಕೊಂಡಿದ್ದೆವು. ಹಳೆಯದು. ಅದರಲ್ಲಿ ಮಂಚ, ಪುಸ್ತಕದ ಡಬ್ಬಗಳು, ಊರಿಂದ ತಂದ ಕಲ್ಲಿನ ಗ್ರೈಂಡರ್. ಒಂದು ರೈಲ್ವೆ ಕ್ರಾಸಿಂಗ್ ದಾಟುವಾಗ ಹಿಂದೆ ಧಡ್ ಅಂತ ಸದ್ದಾಯಿತು. ಟ್ರೇಲರ್ ಕಾರಿನಿಂದ ಕಳಚಿಕೊಂಡಿತ್ತು. ಎರಡು ಚೈನುಗಳಲ್ಲಿ ಒಂದರ ಕೊಕ್ಕೆ ಎಳೆತಕ್ಕೆ ನೆಟ್ಟಗಾಗಿ ಬಿಟ್ಟುಹೋಯಿತು. ಇನ್ನೊಂದು ಹಿಡಿದುಕೊಂಡಿತು. ಎದುರು ಲೇನಿನಲ್ಲಿ ಹಳಿ ದಾಟಲು ಒಂದು ಸ್ಕೂಲ್ ಬಸ್ ಕಾಯುತ್ತಾ ನಿಂತಿತ್ತು. ಆ ಎರಡನೇ ಚೈನು ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಯೋಚಿಸಲು ಮನಸ್ಸಾಗುವುದಿಲ್ಲ.

ಅಂದಿನಿಂದ ಈ ವಿಷಯವನ್ನು ಕೂತು ಕಲಿತೆ. ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ. ಚೈನು ಇದೆ ಅನ್ನುವುದು ಸಾಲದು. ಟ್ರೇಲರಿನ ಚೌಕಟ್ಟಿನಿಂದ ಕಾರಿನ ಚೌಕಟ್ಟಿನವರೆಗೆ ಒಂದು ದಾರಿ ಇದೆ: ಬೋಲ್ಟು, ಚೈನು, ಕೊಕ್ಕೆ, ಕೊಕ್ಕೆ ಸಿಕ್ಕಿಸುವ ಕಿವಿ. ಇದರಲ್ಲಿ ಯಾವುದು ಎಲ್ಲಕ್ಕಿಂತ ಬಡಕಲೋ ಅದರ ಬಲವೇ ಇಡೀ ಚೈನಿನ ಬಲ. ನಮ್ಮದರಲ್ಲಿ ಅದು ಕೊಕ್ಕೆ ಆಗಿತ್ತು.

ಇಲ್ಲಿ ಬರೆದಿರುವುದು ಅಮೆರಿಕದಲ್ಲಿ ಕಾರು ಅಥವಾ ಪಿಕಪ್ ಹಿಂದೆ ಟ್ರೇಲರ್ ಎಳೆಯುವವರಿಗೆ. ಸಾಮಾನಿನ ಟ್ರೇಲರ್, ದೋಣಿ, ಕ್ಯಾಂಪರ್, ಯಾವುದಾದರೂ ಸರಿ.

ಚೈನಿಗೆ ಎರಡು ಕೆಲಸ

ಎತ್ತಿನ ಗಾಡಿ ನೋಡಿದವರಿಗೆ ಮೂಕಿ ಗೊತ್ತು. ಗಾಡಿಯ ಮೈಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಸೇರುವ ಉದ್ದನೆಯ ಮರ. ಟ್ರೇಲರಿಗೂ ಅಂಥದ್ದೇ ಕಬ್ಬಿಣದ ಮೂಕಿ ಇದೆ. ಇಲ್ಲಿಯವರು ಅದನ್ನು ಟಂಗ್ ಅನ್ನುತ್ತಾರೆ. ನಾನು ಮೂಕಿ ಅಂತಲೇ ಬರೆಯುತ್ತೇನೆ. ಮೂಕಿಯ ತುದಿಯಲ್ಲಿ ಬಟ್ಟಲು ಕವುಚಿದ ಹಾಗೆ ಇರುವುದು ಕಪ್ಲರ್. ಕಾರಿನ ಹಿಂದಿರುವ ಉಕ್ಕಿನ ಗುಂಡು ಬಾಲ್. ಕಪ್ಲರನ್ನು ಬಾಲಿನ ಮೇಲೆ ಕೂರಿಸಿ ಲಾಚ್ ಹಾಕಿದರೆ ಗಾಡಿ ಕೂಡಿದ ಹಾಗೆ.

ಕಪ್ಲರ್ ಕಳಚಿದರೂ ಟ್ರೇಲರ್ ಕಾರಿನ ಹಿಂದೆಯೇ ಬರಬೇಕು. ಇದು ಚೈನಿನ ಮೊದಲ ಕೆಲಸ, ಎಲ್ಲರಿಗೂ ಗೊತ್ತು. ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ. ಮೂಕಿ ನೆಲಕ್ಕೆ ಬೀಳದಂತೆ ಚೈನು ಅದನ್ನು ಎತ್ತಿ ಹಿಡಿಯಬೇಕು. ಓಡುವ ಟ್ರೇಲರಿನ ಮೂಕಿ ರಸ್ತೆಯ ಗುಂಡಿಗೆ ಚುಚ್ಚಿಕೊಂಡರೆ ಟ್ರೇಲರ್ ಪಲ್ಟಿಯಾಗಬಹುದು. ಚೈನುಗಳನ್ನು ಅಡ್ಡಹಾಯಿಸಿ ಕಟ್ಟುವುದು ಇದಕ್ಕಾಗಿಯೇ. ಆ ಮಾತಿಗೆ ಮುಂದೆ ಬರುತ್ತೇನೆ.

ಕಾನೂನು ಏನು ಕೇಳುತ್ತದೆ

ಕ್ಯಾಲಿಫೋರ್ನಿಯಾದ ವಾಹನ ಕಾಯ್ದೆಯ 29004ನೇ ಸೆಕ್ಷನ್ ಪ್ರಕಾರ, ಮಾಮೂಲಿ ಜೋಡಣೆಯ ಜೊತೆಗೆ ಸೇಫ್ಟಿ ಚೈನು, ಕೇಬಲ್ ಅಥವಾ ಅದಕ್ಕೆ ಸಮನಾದ ಇನ್ನೊಂದು ಸಾಧನ ಇರಲೇಬೇಕು. ತಿರುಗಲು ಬೇಕಾದಷ್ಟು ಮಾತ್ರ ಸಡಿಲ ಬಿಡಬೇಕು, ಅದಕ್ಕಿಂತ ಜಾಸ್ತಿ ಬಿಡಬಾರದು. ಮೂಕಿ ಕಳಚಿದರೆ ನೆಲಕ್ಕೆ ಬೀಳದ ಹಾಗೆ ಚೈನು ಕಟ್ಟಿರಬೇಕು. ಪಿಕಪ್ಪಿನ ಒಳಗೆ ಕೂರುವ ಫಿಫ್ತ್ ವೀಲ್ ಜೋಡಣೆಗೆ ವಿನಾಯಿತಿ ಇದೆ.

ವ್ಯಾಪಾರಕ್ಕೆ ಓಡಿಸುವ ದೊಡ್ಡ ಗಾಡಿಗಳಿಗೆ ಕೇಂದ್ರ ಸರ್ಕಾರದ್ದೇ ನಿಯಮ ಇದೆ, 393.70. ಚೈನು ಮತ್ತು ಅದನ್ನು ಸಿಕ್ಕಿಸುವ ಭಾಗ ತುಂಡಾಗುವ ಬಲ, ಹಿಂದೆ ಎಳೆಸಿಕೊಂಡು ಬರುವ ಗಾಡಿಯ ಒಟ್ಟು ತೂಕಕ್ಕಿಂತ ಕಮ್ಮಿ ಇರಕೂಡದು ಅಂತ ಅದು ಹೇಳುತ್ತದೆ. ಮೂಕಿಯನ್ನು ಹಿಡಿದಿರುವ ಕೊಂಡಿಗೇ ಚೈನನ್ನೂ ಸಿಕ್ಕಿಸಬಾರದು ಅಂತಲೂ ಹೇಳುತ್ತದೆ. ಎರಡು ಚೈನನ್ನು ಎರಡು ಜಾಗದಲ್ಲಿ ಸಿಕ್ಕಿಸಿದರೆ, ಆ ಜಾಗಗಳು ಗಾಡಿಯ ನಡುಗೆರೆಯಿಂದ ಎಡಬಲಕ್ಕೆ ಸಮದೂರದಲ್ಲಿ ಇರಬೇಕು. ಮನೆಬಳಕೆಯ ಟ್ರೇಲರಿಗೆ ನಿಮ್ಮ ರಾಜ್ಯದ ಕಾನೂನು ನೋಡಬೇಕು, ಮಾತುಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದರೂ ನಾನು 393.70ರ ಮಾತನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ನಿಯಮ ನಮಗೆ ಅನ್ವಯಿಸದಿದ್ದರೂ ಕಬ್ಬಿಣ ತುಂಡಾಗುವ ರೀತಿ ಎಲ್ಲರಿಗೂ ಒಂದೇ ಅಲ್ವಾ?

ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ಟ್ರೇಲರಿನ ಒಟ್ಟು ತೂಕ 2,500 ಕಿಲೋವರೆಗೆ ಇದ್ದರೆ ಕನಿಷ್ಠ ಒಂದು ಚೈನು, ಅದಕ್ಕಿಂತ ಜಾಸ್ತಿ ಇದ್ದರೆ ಎರಡು ಬೇಕು.

ಹೆಜ್ಜೆ 1: ತೂಕದ ಪಟ್ಟಿ ಓದಿ

ಟ್ರೇಲರಿನ ಎಡಮಗ್ಗುಲಲ್ಲಿ, ಮುಂದಿನ ಅರ್ಧದಲ್ಲಿ ತಯಾರಕರ ಚೀಟಿ ಇರುತ್ತದೆ. ಅದರಲ್ಲಿ ಜಿ.ವಿ.ಡಬ್ಲ್ಯೂ.ಆರ್. ಅಂತ ಒಂದು ಸಂಖ್ಯೆ ಇದೆ. ಸಾಮಾನು ಸೇರಿಸಿ ಆ ಟ್ರೇಲರ್ ತೂಗಬಹುದಾದ ಗರಿಷ್ಠ ತೂಕ ಅದು. ಇವತ್ತು ಖಾಲಿ ಎಳೆಯುತ್ತಿದ್ದರೂ ಚೈನನ್ನು ಈ ಸಂಖ್ಯೆಗೇ ಆರಿಸಿ. ಮುಂದೊಂದು ದಿನ ಅದರಲ್ಲಿ ಇಟ್ಟಿಗೆ ತುಂಬಿಸುವವರೂ ನೀವೇ.

ಹೆಜ್ಜೆ 2: ಚೈನಿನ ಗ್ರೇಡ್ ನೋಡಿ, ದಪ್ಪವೊಂದನ್ನೇ ನೋಡಬೇಡಿ

ಅಂಗಡಿಯಲ್ಲಿ ಚೈನು ತೂಗುಹಾಕಿರುವಾಗ ಎಲ್ಲಾ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಉಕ್ಕಿನಲ್ಲಿದೆ. ಸಾಮಾನ್ಯವಾಗಿ ಸಿಗುವುದು ಮೂರು ಗ್ರೇಡ್: 30, 43 ಮತ್ತು 70. ಆ ಸಂಖ್ಯೆಯನ್ನೋ ಅದರ ಮೊದಲ ಅಂಕಿಯನ್ನೋ ಕೊಂಡಿಯ ಮೇಲೆ ಅಲ್ಲಲ್ಲಿ ಒತ್ತಿರುತ್ತಾರೆ. 70ರ ಚೈನಿಗೆ ಹೆಚ್ಚಾಗಿ ಚಿನ್ನದ ಬಣ್ಣದ ಲೇಪ ಇರುತ್ತದೆ.

ಡಬ್ಬದ ಮೇಲೆ ಬರೆದಿರುವುದು ಸಾಮಾನ್ಯವಾಗಿ ವರ್ಕಿಂಗ್ ಲೋಡ್, ಅಂದರೆ ದಿನನಿತ್ಯ ಹೊರಿಸಬಹುದಾದ ಭಾರ. ತುಂಡಾಗುವ ಬಲ ಅದಕ್ಕಿಂತ ಜಾಸ್ತಿ. ಗ್ರೇಡ್ 30 ಮತ್ತು 70ಕ್ಕೆ ಅದು ನಾಲ್ಕು ಪಟ್ಟು, ಗ್ರೇಡ್ 43ಕ್ಕೆ ಮೂರು ಪಟ್ಟು. ಕಾಲು ಇಂಚಿನ ಚೈನನ್ನೇ ತೆಗೆದುಕೊಳ್ಳಿ. ಗ್ರೇಡ್ 30 ಆದರೆ ವರ್ಕಿಂಗ್ ಲೋಡ್ 1,300 ಪೌಂಡ್, ತುಂಡಾಗುವುದು 5,200ಕ್ಕೆ. ಗ್ರೇಡ್ 43 ಆದರೆ 2,600 ಮತ್ತು 7,800. ಗ್ರೇಡ್ 70 ಆದರೆ 3,150 ಮತ್ತು 12,600. ದಪ್ಪ ಒಂದೇ, ಬಲ ಎರಡು ಪಟ್ಟಿಗೂ ಜಾಸ್ತಿ.

ಈಗ ಲೆಕ್ಕ ಹಾಕೋಣ. 3,000 ಪೌಂಡಿನ ಸಾಮಾನಿನ ಟ್ರೇಲರಿಗೆ ಕಾಲು ಇಂಚಿನ ಗ್ರೇಡ್ 30 ಸಾಕು. 6,000 ಪೌಂಡಿನ ಕ್ಯಾಂಪರಿಗೆ ಅದು ಸಾಲದು. ಅಲ್ಲಿ ಕಾಲು ಇಂಚಿನ ಗ್ರೇಡ್ 43 ಬೇಕು, ಇಲ್ಲವೇ 5/16 ಇಂಚಿನ ಗ್ರೇಡ್ 30, ಅದು 7,600ಕ್ಕೆ ತುಂಡಾಗುತ್ತದೆ. ಗಮನಿಸಿ, ನಾನು ಒಂದೊಂದು ಚೈನನ್ನೂ ಇಡೀ ಟ್ರೇಲರಿನ ತೂಕಕ್ಕೆ ಹೋಲಿಸುತ್ತಿದ್ದೇನೆ. ಎರಡರ ಬಲವನ್ನು ಕೂಡಿಸಿ ನೋಡುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಕಳಚಿದ ಟ್ರೇಲರ್ ಎರಡು ಚೈನನ್ನೂ ಒಂದೇ ಸಮ ಎಳೆಯುವುದಿಲ್ಲ. ಮೊದಲ ಜರ್ಕು ಒಂದರ ಮೇಲೇ ಬೀಳುತ್ತದೆ. ನಮ್ಮ ಕೊಕ್ಕೆ ನೆಟ್ಟಗಾದದ್ದು ಹಾಗೆಯೇ.

ಗ್ರೇಡಿನ ಗುರುತೇ ಇಲ್ಲದ ಚೈನು ಬೇಡ. ಗೇಟಿಗೆ, ಉಯ್ಯಾಲೆಗೆ, ನಾಯಿ ಕಟ್ಟಲು ಮಾರುವ ಚೈನು ಎಷ್ಟೇ ದಪ್ಪವಿದ್ದರೂ ಇದಕ್ಕಲ್ಲ. ಪ್ಲಾಸ್ಟಿಕ್ ಹೊದಿಸಿದ ಸ್ಟೀಲ್ ಕೇಬಲ್ ಕಾನೂನಿನ ಪ್ರಕಾರ ನಡೆಯುತ್ತದೆ. ಆದರೆ ಹೊದಿಕೆಯ ಒಳಗೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ನನಗೆ ಚೈನೇ ಮೇಲು.

ಹೆಜ್ಜೆ 3: ಕೊಕ್ಕೆ ಮತ್ತು ಬೋಲ್ಟು

ಜನ ಎಡವುವುದು ಇಲ್ಲೇ. ಒಳ್ಳೆಯ ಚೈನು ತಂದು ಅದರ ತುದಿಗೆ ಬಡಕಲು ಎಸ್ ಕೊಕ್ಕೆ ಹಾಕುತ್ತಾರೆ. ಕೊಕ್ಕೆಯ ಮೇಲೂ ಬಲದ ಗುರುತು ಇರಬೇಕು, ಅದೂ ಟ್ರೇಲರಿನ ತೂಕಕ್ಕೆ ಸಾಲಬೇಕು. ಬಾಯಿ ಮುಚ್ಚುವ ಸ್ಪ್ರಿಂಗ್ ನಾಲಿಗೆ ಇರುವ ಕೊಕ್ಕೆಯನ್ನೇ ತಗೊಳ್ಳಿ. ಬಾಯಿ ತೆರೆದ ಎಸ್ ಕೊಕ್ಕೆಯನ್ನು ಮೇಲಿಂದ ಹಾಕಬೇಕೋ ಕೆಳಗಿಂದ ಹಾಕಬೇಕೋ ಅಂತ ಇಲ್ಲಿ ದೊಡ್ಡ ಚರ್ಚೆ ನಡೆಯುತ್ತಲೇ ಇರುತ್ತದೆ. ನಾಲಿಗೆ ಇದ್ದರೆ ಆ ಚರ್ಚೆಯೇ ಬೇಡ. ಸ್ಕ್ರೂ ಹಾಕಿ ಮುಚ್ಚುವ ಶಾಕಲ್ ಕೂಡ ಚೆನ್ನ, ಬಲದ ಗುರುತು ಇದ್ದರೆ.

ಮೂಕಿಯ ಕಡೆ ಚೈನನ್ನು ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಸ್ಪ್ಯಾನರ್ ಹಿಡಿದು ಒಮ್ಮೆ ಬಿಗಿ ನೋಡಿ. ಚೈನಿನ ಕೊಂಡಿ ಜಾರದಂತೆ ದಪ್ಪ ವಾಷರ್ ಇದೆಯಾ ನೋಡಿ. ಕೆಲವರು ಚೈನನ್ನು ನೇರವಾಗಿ ಮೂಕಿಗೆ ವೆಲ್ಡ್ ಮಾಡಿಸುತ್ತಾರೆ. ದಯವಿಟ್ಟು ಬೇಡ. ಗ್ರೇಡ್ 70ರಂಥ ಚೈನಿಗೆ ಬಲ ಬಂದಿರುವುದೇ ಅದನ್ನು ಹದವಾಗಿ ಕಾಯಿಸಿ ತಣಿಸಿದ್ದರಿಂದ. ವೆಲ್ಡಿಂಗಿನ ಶಾಖ ಆ ಹದವನ್ನು ಕೆಡಿಸುತ್ತದೆ.

ಹೆಜ್ಜೆ 4: ಕಾರಿನ ಕಡೆ ಎಲ್ಲಿ ಸಿಕ್ಕಿಸುವುದು

ಕಾರಿನ ಚೌಕಟ್ಟಿಗೆ ಬೋಲ್ಟು ಹಾಕಿರುವ ಭಾಗಕ್ಕೆ ರಿಸೀವರ್ ಅನ್ನುತ್ತಾರೆ. ಅದರ ಎಡಕ್ಕೂ ಬಲಕ್ಕೂ ತೂತಿರುವ ಒಂದೊಂದು ಕಿವಿ ಇರುತ್ತದೆ. ಚೈನು ಸಿಕ್ಕಿಸಬೇಕಾದದ್ದು ಅಲ್ಲಿಗೆ. ಬಂಪರಿಗೆ ಅಲ್ಲ. ಬಾಲನ್ನು ಹೊತ್ತು ರಿಸೀವರಿನೊಳಗೆ ತೂರುವ ಬಾಲ್ ಮೌಂಟಿಗೂ ಅಲ್ಲ.

ಬಾಲ್ ಮೌಂಟ್ ಯಾಕೆ ಬೇಡ? ಅದು ಒಂದೇ ಒಂದು ಪಿನ್ನಿನ ಮೇಲೆ ನಿಂತಿರುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಡಾಣಿ ಇದ್ದ ಹಾಗೆ ಆ ಪಿನ್ನಿಗೆ ಒಂದು ಚಿಕ್ಕ ಕ್ಲಿಪ್ಪು ಇದೆ. ಕ್ಲಿಪ್ಪು ಬಿದ್ದರೆ ಪಿನ್ನು ಜಾರುತ್ತದೆ, ಪಿನ್ನು ಜಾರಿದರೆ ಬಾಲ್ ಮೌಂಟೇ ಹೊರಗೆ ಬರುತ್ತದೆ. ಚೈನು ಅದಕ್ಕೇ ಕಟ್ಟಿದ್ದರೆ ಎಲ್ಲಾ ಒಟ್ಟಿಗೆ ಹೋಯಿತು. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬೆಳೆದವನು ನಾನು. ಟ್ರೇಲರಿನ ಪಿನ್ನಿಗೆ ಕ್ಲಿಪ್ಪಿನ ಬದಲು ಹಗ್ಗದ ಚೂರು ಕಟ್ಟಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಹಂಪ್ ಹಾರಿದಾಗ ಪಿನ್ನು ಮೇಲಕ್ಕೆ ಕುಣಿಯುತ್ತದೆ. ಚೈನು ಬೇಕು ಅನ್ನುವ ಮಾತು ಅಲ್ಲಿಯ ಟ್ರ್ಯಾಕ್ಟರಿಗೂ ಅಷ್ಟೇ ನಿಜ.

ಕ್ಯಾಂಪರಿಗೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದವರಿಗೆ ಇನ್ನೊಂದು ಮಾತು. ಆ ಹಿಚ್ಚಿನಲ್ಲೂ ಕೆಲವೊಮ್ಮೆ ಚಿಕ್ಕ ಚೈನುಗಳಿರುತ್ತವೆ. ಅವು ಭಾರ ಹಂಚಲು ಇರುವಂಥವು. ಸೇಫ್ಟಿ ಚೈನು ಬೇರೆಯಾಗಿಯೇ ಇರಬೇಕು.

ಹೆಜ್ಜೆ 5: ಮೊದಲು ಕಪ್ಲರ್ ಸರಿಯಾಗಿ ಕೂರಲಿ

ಚೈನಿಗೆ ಕೆಲಸವೇ ಬರದಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಇಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ಬಾಲ್ ಇವೆ: 1 7/8 ಇಂಚು, 2 ಇಂಚು, 2 5/16 ಇಂಚು. ಅಳತೆಯನ್ನು ಬಾಲಿನ ತಲೆಯ ಮೇಲೂ ಕಪ್ಲರಿನ ಮೇಲೂ ಒತ್ತಿರುತ್ತಾರೆ. ಎರಡೂ ಒಂದೇ ಇರಬೇಕು. ನಮ್ಮ ಕಾರಿನಲ್ಲಿ ಇದ್ದದ್ದು 1 7/8ರ ಬಾಲ್, ಟ್ರೇಲರಿನದು 2 ಇಂಚಿನ ಕಪ್ಲರ್. ಲಾಚ್ ಚೆನ್ನಾಗಿಯೇ ಬಿತ್ತು. ನೋಡಲು ಏನೂ ತಪ್ಪಿರಲಿಲ್ಲ. ನೂರು ಮೈಲಿ ಸುಮ್ನೆ ಬಂತು. ಹಳಿಯ ಮೇಲೆ ಎಗರಿದಾಗ ಕಪ್ಲರ್ ಬಾಲಿನಿಂದ ಎದ್ದುಬಂತು.

ಲಾಚ್ ಹಾಕಿದ ಮೇಲೆ ಅದರ ತೂತಿಗೆ ಪಿನ್ನು ಅಥವಾ ಬೀಗ ಹಾಕಿ. ಆಮೇಲೆ ಮೂಕಿಯ ಜಾಕನ್ನು ತಿರುಗಿಸಿ ಮೂಕಿಯನ್ನು ಸ್ವಲ್ಪ ಮೇಲೆತ್ತಿ. ಕಾರಿನ ಹಿಂಭಾಗವೂ ಜೊತೆಗೇ ಎದ್ದರೆ ಕಪ್ಲರ್ ಕಚ್ಚಿಕೊಂಡಿದೆ. ಮೂಕಿ ಮಾತ್ರ ಎದ್ದರೆ ಇಲ್ಲ. ಈ ಪರೀಕ್ಷೆಗೆ ಒಂದು ನಿಮಿಷ ಸಾಕು.

ಹೆಜ್ಜೆ 6: ಅಡ್ಡಹಾಯಿಸಿ, ಉದ್ದ ಹೊಂದಿಸಿ

ಟ್ರೇಲರಿನ ಎಡ ಚೈನು ಕಾರಿನ ಬಲ ಕಿವಿಗೆ. ಬಲ ಚೈನು ಎಡ ಕಿವಿಗೆ. ಎರಡೂ ಮೂಕಿಯ ಅಡಿಯಲ್ಲಿ ಹಾಯಬೇಕು. ಆಗ ಕೆಳಗೆ ಒಂದು ಜೋಲಿಯ ಹಾಗೆ ಆಗುತ್ತದೆ. ಕಪ್ಲರ್ ಕಳಚಿದರೆ ಮೂಕಿ ಆ ಜೋಲಿಯ ಮೇಲೆ ಬಂದು ಕೂರುತ್ತದೆ. ಮೂಕಿಯ ಮೇಲಿಂದ ಅಡ್ಡಹಾಯಿಸಿದರೆ ಪ್ರಯೋಜನ ಇಲ್ಲ.

ಉದ್ದ ಹೊಂದಿಸುವುದು ಸ್ವಲ್ಪ ತಾಳ್ಮೆಯ ಕೆಲಸ. ತೀರಾ ಬಿಗಿ ಇದ್ದರೆ ತಿರುವಿನಲ್ಲಿ ಚೈನು ಎಳೆದುಕೊಂಡು ಕೊಕ್ಕೆಯೋ ಕಿವಿಯೋ ಬಾಗುತ್ತದೆ. ತೀರಾ ಸಡಿಲ ಇದ್ದರೆ ಮೂಕಿ ನೆಲ ಮುಟ್ಟುತ್ತದೆ, ಚೈನೂ ರಸ್ತೆಗೆ ಉಜ್ಜುತ್ತದೆ. ನಾನು ಹೀಗೆ ಮಾಡುತ್ತೇನೆ. ಟ್ರೇಲರ್ ಖಾಲಿ ಇರುವಾಗ, ಸಮತಟ್ಟಾದ ಜಾಗದಲ್ಲಿ, ಟ್ರೇಲರಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡುತ್ತೇನೆ. ಚೈನು ಅಡ್ಡಹಾಯಿಸಿ ಸಿಕ್ಕಿಸಿಟ್ಟು, ಕಪ್ಲರನ್ನು ಬಾಲಿನಿಂದ ಎತ್ತಿ, ಕಾರನ್ನು ಚೈನು ಬಿಗಿಯಾಗುವವರೆಗೆ ಮಾತ್ರ ಮೆಲ್ಲನೆ ಮುಂದೆ ಬಿಡುತ್ತೇನೆ. ಹ್ಯಾಂಡ್ ಬ್ರೇಕ್ ಹಾಕಿ ಇಂಜಿನ್ ಆಫ್ ಮಾಡಿ, ಜಾಕನ್ನು ನಿಧಾನ ಇಳಿಸುತ್ತೇನೆ. ಮೂಕಿ ನೆಲಕ್ಕೆ ತಾಗುವ ಮೊದಲೇ ಚೈನಿನ ಮೇಲೆ ಕೂತರೆ ಉದ್ದ ಸರಿ. ಜಾಕಿನ ಕಾಲು ಅಡ್ಡ ಬರುವಂತಿದ್ದರೆ ಅದನ್ನು ಪೂರ್ತಿ ಮೇಲೆಳೆಯುವಷ್ಟು ಜಾಗ ನೋಡಿಕೊಳ್ಳಿ. ಇಷ್ಟು ಹೊತ್ತೂ ಮೂಕಿಯ ಕೆಳಗೆ ಯಾರ ಕಾಲೂ ಕೈಯೂ ಇರಬಾರದು. ಮಕ್ಕಳನ್ನು ದೂರ ನಿಲ್ಲಿಸಿ.

ಆಮೇಲೆ ಮತ್ತೆ ಜೋಡಿಸಿ, ಖಾಲಿ ಪಾರ್ಕಿಂಗ್ ಜಾಗದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಚೂಪಾಗಿ ತಿರುಗಿಸಿ. ಯಾರಾದರೂ ಪಕ್ಕದಲ್ಲಿ ನಿಂತು ಚೈನು ಬಿಗಿಯುತ್ತದೆಯೇ ಅಂತ ನೋಡಲಿ.

ಉದ್ದ ಜಾಸ್ತಿ ಇದ್ದರೆ ತುಂಬಾ ಜನ ಚೈನನ್ನು ಹಗ್ಗದಂತೆ ಹೊಸೆದು ಗಿಡ್ಡ ಮಾಡುತ್ತಾರೆ. ಹೊಸೆದ ಚೈನಿನ ಕೊಂಡಿಗಳು ಒಂದರ ಮೇಲೊಂದು ಓರೆಯಾಗಿ ಕೂರುತ್ತವೆ. ಆಗ ಅದರ ಬಲ ಕುಗ್ಗುತ್ತದೆ. ಗಂಟು ಹಾಕುವುದು ಅದಕ್ಕಿಂತ ಕೆಟ್ಟದ್ದು. ಬೇಡದ ಕೊಂಡಿಗಳನ್ನು ಕತ್ತರಿಸಿಸಿ, ಕೊಕ್ಕೆಯನ್ನು ಬಲದ ಗುರುತಿರುವ ಜೋಡುಕೊಂಡಿಯಿಂದ ಮತ್ತೆ ಸೇರಿಸಿ. ಹತ್ತು ನಿಮಿಷದ ಕೆಲಸ.

ರಸ್ತೆಗೆ ಉಜ್ಜುವ ಚೈನು ಸವೆಯುವುದಷ್ಟೇ ಅಲ್ಲ, ಕಿಡಿ ಹಾರಿಸುತ್ತದೆ. ಕ್ಯಾಲಿಫೋರ್ನಿಯಾದ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಇಲ್ಲಿಯ ಅಗ್ನಿಶಾಮಕ ಇಲಾಖೆ ಕ್ಯಾಲ್ ಫೈರ್ ಪ್ರತಿ ಬೇಸಿಗೆಯಲ್ಲೂ ನೇತಾಡುವ ಚೈನಿನ ಬಗ್ಗೆ ಎಚ್ಚರಿಸುತ್ತದೆ. 2018ರ ಜುಲೈನಲ್ಲಿ ರೆಡ್ಡಿಂಗ್ ಊರಿನ ಹತ್ತಿರ ಒಂದು ಟ್ರೇಲರಿನ ಟೈರು ಪಂಕ್ಚರ್ ಆಗಿ, ಚಕ್ರದ ರಿಮ್ ರಸ್ತೆಗೆ ಉಜ್ಜಿ ಕಿಡಿ ಹಾರಿತು. ಅಲ್ಲಿ ಹೊತ್ತಿದ ಕಾಡ್ಗಿಚ್ಚು 2,29,000 ಎಕರೆಗೂ ಜಾಸ್ತಿ ಸುಟ್ಟಿತು. ಅದು ಚೈನಿನಿಂದ ಆದದ್ದಲ್ಲ. ಆದರೆ ಕಬ್ಬಿಣ ರಸ್ತೆಗೆ ಉಜ್ಜಿದರೆ ಏನಾಗುತ್ತದೆ ಅನ್ನುವುದನ್ನು ಉತ್ತರ ಕ್ಯಾಲಿಫೋರ್ನಿಯಾದವರು ಮರೆಯಲಾರರು.

ಹೆಜ್ಜೆ 7: ಬ್ರೇಕ್‌ಅವೇ ತಂತಿ

ಬ್ರೇಕ್ ಇರುವ ಟ್ರೇಲರಾದರೆ ಮೂಕಿಯ ಮೇಲೆ ಚಿಕ್ಕ ಸ್ವಿಚ್ಚು, ಅದಕ್ಕೊಂದು ತೆಳ್ಳನೆ ತಂತಿ ಇರುತ್ತದೆ. ಟ್ರೇಲರ್ ಪೂರ್ತಿ ಕೈಬಿಟ್ಟರೆ ತಂತಿ ಸ್ವಿಚ್ಚಿನ ಪಿನ್ನು ಕೀಳುತ್ತದೆ. ಆಗ ಟ್ರೇಲರಿನ ಬ್ಯಾಟರಿಯಿಂದ ಅದರ ಬ್ರೇಕ್ ತಾನಾಗಿ ಹಿಡಿಯುತ್ತದೆ. ಈ ತಂತಿಯನ್ನು ಸೇಫ್ಟಿ ಚೈನಿಗಾಗಲೀ ಬಾಲ್ ಮೌಂಟಿಗಾಗಲೀ ಸಿಕ್ಕಿಸಬೇಡಿ. ರಿಸೀವರಿನಲ್ಲೋ ಚೌಕಟ್ಟಿನಲ್ಲೋ ಬೇರೆ ಜಾಗಕ್ಕೆ ಕಟ್ಟಿ. ಬ್ಯಾಟರಿ ಸತ್ತಿದ್ದರೆ ಈ ಏರ್ಪಾಡು ಇದ್ದೂ ಇಲ್ಲದ ಹಾಗೆ, ಹೊರಡುವ ಮೊದಲು ಚಾರ್ಜ್ ನೋಡಿ.

ರಸ್ತೆಯಲ್ಲಿ

ಮೊದಲ ಇಪ್ಪತ್ತು ಮೈಲಿ ಆದ ಮೇಲೆ ಒಮ್ಮೆ ನಿಲ್ಲಿಸಿ. ಲಾಚ್, ಪಿನ್ನು, ಕ್ಲಿಪ್ಪು, ಕೊಕ್ಕೆಗಳ ನಾಲಿಗೆ, ಕೈಯಿಂದ ಮುಟ್ಟಿ ನೋಡಿ. ಆಮೇಲೆ ಪೆಟ್ರೋಲಿಗೆ ನಿಂತಾಗೆಲ್ಲಾ ನೋಡಿ. ಒಟ್ಟು ತೂಕದ 10ರಿಂದ 15 ಶೇಕಡಾ ಮೂಕಿಯ ಮೇಲೆ ಬರುವಂತೆ ಸಾಮಾನು ಜೋಡಿಸಿ. ಭಾರ ಹಿಂದಕ್ಕೆ ಹೋದರೆ ಟ್ರೇಲರ್ ಓಲಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗರಿಷ್ಠ ವೇಗ ಗಂಟೆಗೆ 55 ಮೈಲಿ.

ಕಳಚಿಕೊಂಡೇ ಬಿಟ್ಟರೆ? ಬ್ರೇಕನ್ನು ಜೋರಾಗಿ ಒತ್ತಬೇಡಿ. ಕಾರು ಗಕ್ಕನೆ ನಿಂತರೆ ಟ್ರೇಲರ್ ಅದೇ ವೇಗದಲ್ಲಿ ಬಂದು ಹಿಂದೆ ಗುದ್ದುತ್ತದೆ, ಮೂಕಿ ಕಾರಿನ ಅಡಿಗೆ ನುಗ್ಗುತ್ತದೆ. ಆಕ್ಸಲರೇಟರಿನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿಯಿರಿ. ಹಜಾರ್ಡ್ ಲೈಟ್ ಹಾಕಿ. ಟ್ರೇಲರಿನ ಬ್ರೇಕಿಗೆ ಬೇರೆ ಲಿವರ್ ಇದ್ದರೆ ಅದನ್ನು ಮೆಲ್ಲಗೆ ಒತ್ತಿ, ಟ್ರೇಲರ್ ಹಿಂದಕ್ಕೆ ಜಗ್ಗಿ ಚೈನು ಬಿಗಿಯಾಗಿಯೇ ಇರುತ್ತದೆ. ನಿಧಾನಕ್ಕೆ ರಸ್ತೆಯ ಅಂಚಿಗೆ ಬಂದು ನಿಲ್ಲಿ. ಚಕ್ರಗಳಿಗೆ ಅಡ್ಡಗಲ್ಲು ಕೊಡುವ ತನಕ ಚೈನಿಗೆ ಕೈ ಹಾಕಬೇಡಿ.

ಮನೆಗೆ ಬಂದ ಮೇಲೆ

ದೋಣಿಯ ಟ್ರೇಲರನ್ನು ಉಪ್ಪುನೀರಿಗೆ ಇಳಿಸಿದ್ದರೆ ಚೈನನ್ನು ಸಿಹಿನೀರಿನಲ್ಲಿ ತೊಳೆಯಿರಿ. ನಿಲ್ಲಿಸಿದಾಗ ಕೊಕ್ಕೆಗಳನ್ನು ಮೂಕಿಗೆ ಮೇಲಕ್ಕೆ ಸಿಕ್ಕಿಸಿಡಿ, ಮಣ್ಣಿನಲ್ಲಿ ಬಿದ್ದಿರುವುದು ಬೇಡ. ವರ್ಷಕ್ಕೊಮ್ಮೆ ಕೊಂಡಿ ಕೊಂಡಿಯನ್ನೂ ಬೆರಳಲ್ಲಿ ತಿರುಗಿಸಿ ನೋಡಿ. ದಪ್ಪದಲ್ಲಿ ಹತ್ತರಲ್ಲೊಂದು ಪಾಲು ಸವೆದಿದ್ದರೆ, ಬಿರುಕು ಬಿಟ್ಟಿದ್ದರೆ, ಯಾವುದಾದರೂ ಕೊಂಡಿ ಉದ್ದವಾಗಿ ಎಳೆದುಕೊಂಡಿದ್ದರೆ ಚೈನು ಬದಲಿಸಿ. ಕೊಕ್ಕೆಯ ಬಾಯಿ ಮೊದಲಿಗಿಂತ ಅಗಲ ಕಂಡರೂ ಬದಲಿಸಿ.

ಒಮ್ಮೆ ಟ್ರೇಲರ್ ಕಳಚಿ ಚೈನು ಅದರ ಭಾರ ಹೊತ್ತಿದ್ದರೆ, ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ ಅದನ್ನು ಮತ್ತೆ ಬಳಸಬೇಡಿ. ಕೊಕ್ಕೆ, ಬೋಲ್ಟು ಕೂಡ ಹೊಸದಾಗಲಿ, ರಿಸೀವರಿನ ಕಿವಿ ಬಾಗಿದೆಯಾ ತಿಳಿದವರಿಗೆ ತೋರಿಸಿ. ನಮ್ಮ ಟ್ರೇಲರಿನಲ್ಲಿ ಹಿಡಿದುಕೊಂಡ ಆ ಎರಡನೇ ಚೈನಿನ ಕೊಂಡಿಯನ್ನು ಪಕ್ಕದ ಕೊಂಡಿಯ ಜೊತೆ ಇಟ್ಟು ಅಳೆದಾಗ ಅದೂ ಸ್ವಲ್ಪ ಎಳೆದುಕೊಂಡಿತ್ತು. ಮರುದಿನವೇ ಎರಡೂ ಚೈನನ್ನು ತೆಗೆಸಿ, ಕಾಲು ಇಂಚಿನ ಗ್ರೇಡ್ 70 ಹಾಕಿಸಿದೆ. 2 ಇಂಚಿನ ಬಾಲನ್ನೂ ಅವತ್ತೇ ತಂದೆ.